ಒದ್ದೆ ಎಷ್ಟು?

ನನ್ನ ಕೆಲಸದ ಹೆಸರು ಕಾಗದದಲ್ಲಿ ದಾಸ್ತಾನು ಗುಮಾಸ್ತೆ. ಬಾಟಲಿ ಮಾಡುವ ಗಾಜಿನ ಕಾರ್ಖಾನೆ ನಮ್ಮದು. ಮರಳು, ಸೋಡಾ, ಸುಣ್ಣಕಲ್ಲು, ಒಡೆದ ಗಾಜು, ರಟ್ಟಿನ ಪೆಟ್ಟಿಗೆ, ಯಾವುದು ಎಷ್ಟಿದೆ, ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ನೋಡಿಕೊಳ್ಳುವವಳು ನಾನು. ಆದರೆ ಅಲ್ಲಿದ್ದ ಮುನ್ನೂರು ಜನರಲ್ಲಿ ಒಬ್ಬರೂ ನನ್ನನ್ನು ಗುಮಾಸ್ತೆ ಎಂದು ಕರೆದಿಲ್ಲ. ಎಲ್ಲರ ಬಾಯಲ್ಲೂ ನಾನು ಒದ್ದೆಕ್ಕ.

ಆ ಹೆಸರು ಅಂಟಿಕೊಂಡದ್ದು ಎಣ್ಣೆಯ ಟ್ಯಾಂಕಿನಿಂದ. ಗಾಜು ಕರಗಿಸುವ ಕುಲುಮೆಗೆ ನಾವು ಒಲೆ ಎನ್ನುತ್ತಿದ್ದೆವು. ಒಲೆ ಉರಿಯುತ್ತಿದ್ದುದು ಕಪ್ಪು ಎಣ್ಣೆಯಲ್ಲಿ. ದಿನಾ ಬೆಳಿಗ್ಗೆ ಎಂಟಕ್ಕೆ ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿನ ನೆತ್ತಿಯ ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಉಕ್ಕಿನ ಪಟ್ಟಿಯನ್ನು ತಳ ಮುಟ್ಟುವವರೆಗೆ ಇಳಿಸಿ ಮೇಲೆ ಎಳೆಯುತ್ತಿದ್ದೆ. ಪಟ್ಟಿ ಎಲ್ಲಿಯವರೆಗೆ ಕಪ್ಪಗೆ ಒದ್ದೆಯಾಗಿದೆಯೋ ಅಲ್ಲಿಯವರೆಗೆ ಎಣ್ಣೆ. ಪಟ್ಟಿಯ ಮೇಲೆ ಯಾರೋ ಹಳಬರು ಗೆರೆ ಕೊರೆದಿದ್ದರು. ಒಂದು ಗೆರೆ ಎಂದರೆ ಒಂದು ದಿನದ ಎಣ್ಣೆ, ಟ್ಯಾಂಕು ತುಂಬಿದರೆ ನಲವತ್ತು. ನಾನು ಕೆಳಗಿಳಿಯುವಷ್ಟರಲ್ಲಿ ಭಾವ ಏಣಿಯ ಬುಡದಲ್ಲಿ ನಿಂತಿರುತ್ತಿದ್ದರು.

"ಒದ್ದೆ ಎಷ್ಟು?"

"ಮೂವತ್ನಾಲ್ಕು."

"ಸರಿ, ಟೀ ಕುಡಿಯೋಣ."

ಭಾವ ಎಂದರೆ ನನ್ನ ಅಕ್ಕನ ಗಂಡ, ಒಲೆಯ ಮೇಸ್ತ್ರಿ. ನನ್ನ ಗಂಡ ತೀರಿಕೊಂಡ ವರ್ಷ, ನಾನು ಮೂಲೆ ಹಿಡಿದು ಕೂತಿದ್ದಾಗ, ಮ್ಯಾನೇಜರರ ಬಾಗಿಲಲ್ಲಿ ಮೂರು ದಿನ ನಿಂತು ಈ ಕೆಲಸ ಕೊಡಿಸಿದವರು ಅವರೇ. ಕೊಡಿಸಿದ ಮೇಲೆ ಗೇಲಿ ಮಾಡುವ ಹಕ್ಕನ್ನೂ ತೆಗೆದುಕೊಂಡರು. "ನಮ್ಮ ನಾದಿನಿ ಬೆಳಿಗ್ಗೆ ಎದ್ದ ಕೂಡಲೆ ಎಣ್ಣೆ ನೋಡಬೇಕು, ಇಲ್ಲದಿದ್ರೆ ಕೈ ನಡುಗತ್ತೆ" ಎಂದು ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳುವುದು, ಗಂಡಸರು ಟೀ ಚೆಲ್ಲಿಕೊಂಡು ನಗುವುದು. ನಾನೂ ಬಿಡುತ್ತಿರಲಿಲ್ಲ. "ಅಕ್ಕನ ಮುಖಕ್ಕಿಂತ ಒಲೆಯ ಮುಖವನ್ನೇ ಜಾಸ್ತಿ ನೋಡಿದ್ದೀರ ಭಾವ" ಎನ್ನುತ್ತಿದ್ದೆ. ಅದು ಸುಳ್ಳೇನಲ್ಲ.

ಗಾಜಿನ ಒಲೆಯ ಸ್ವಭಾವ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಲೇಬೇಕು. ಅದನ್ನು ಒಮ್ಮೆ ಹೊತ್ತಿಸಿದರೆ ಹದಿನಾಲ್ಕು ವರ್ಷ ಆರಿಸುವಂತಿಲ್ಲ. ಆರಿದರೆ ಒಳಗಿನ ಇನ್ನೂರು ಟನ್ ಗಾಜು ಗಟ್ಟಿಯಾಗಿ ಕೂತುಬಿಡುತ್ತದೆ, ಚಾವಣಿಯ ಇಟ್ಟಿಗೆಗಳು ತಣಿಯುತ್ತ ಸೀಳುತ್ತವೆ, ಆಮೇಲೆ ಅದನ್ನು ಕೆಡವಿ ಹೊಸದು ಕಟ್ಟುವುದೊಂದೇ ದಾರಿ. ನಮ್ಮ ಒಲೆ ಹೊತ್ತಿ ಹನ್ನೊಂದು ವರ್ಷವಾಗಿತ್ತು. ಇನ್ನು ಮೂರು ವರ್ಷ ಕಾದುಕೊಂಡರೆ ಒಲೆಗೂ ಭಾವನಿಗೂ ಒಟ್ಟಿಗೇ ನಿವೃತ್ತಿ. ಹೊಸ ಒಲೆಯ ನಕ್ಷೆ ಆಗಲೇ ಆಫೀಸಿನ ಗೋಡೆಯ ಮೇಲಿತ್ತು. ಅಲ್ಲಿಯವರೆಗೆ ಹಳೆಯದನ್ನು ಸಾಯಗೊಡಬಾರದು, ಅಷ್ಟೇ ಅವರ ಜೀವನದ ಗುರಿಯಾಗಿತ್ತು. ಮುನ್ನೂರು ಮನೆಯ ಅನ್ನವೂ ಅದರ ಮೇಲೆಯೇ ಇತ್ತು.

ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಸುತ್ತಿಬಳಸುವುದು ನನಗೆ ಆಗದು. ಎಣ್ಣೆಯಲ್ಲಿ ಅಷ್ಟಿಷ್ಟು ನೀರು ಸೇರಿಯೇ ಇರುತ್ತದೆ. ನಿಂತಷ್ಟೂ ಆ ನೀರು ಕೆಳಗಿಳಿದು ತಳ ಸೇರುತ್ತದೆ. ಅದನ್ನು ಕಂಡುಹಿಡಿಯಲು ಹಳದಿ ಮುಲಾಮೊಂದಿದೆ. ಪಟ್ಟಿಯ ಕೆಳಭಾಗಕ್ಕೆ ಅದನ್ನು ಹಚ್ಚಿ ಇಳಿಸಿದರೆ ಎಣ್ಣೆ ತಾಗಿದ ಕಡೆ ಹಳದಿಯಾಗಿಯೇ ಉಳಿಯುತ್ತದೆ, ನೀರು ತಾಗಿದ ಕಡೆ ಕೆಂಪಾಗುತ್ತದೆ. ಕೆಂಪು ಕಂಡರೆ ಟ್ಯಾಂಕಿನ ಬುಡದ ನಲ್ಲಿ ತಿರುಗಿಸಿ ನೀರನ್ನು ಹೊರಗೆ ಬಿಡಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇದನ್ನೆಲ್ಲ ಮಾಡಿದೆ. ಆಮೇಲೆ ಮುಲಾಮಿನ ಡಬ್ಬಿ ಖಾಲಿಯಾಯಿತು. ಹೊಸದು ಬೇಕೆಂದು ಚೀಟಿ ಬರೆದೆ, ಆಫೀಸಿನಿಂದ ಯಾವ ಕಂಪನಿಯದೆಂದು ಕೇಳಿ ವಾಪಸು ಬಂತು. ಮತ್ತೆ ಬರೆಯಲಿಲ್ಲ. ಆ ಮುಲಾಮು ಉಗುರಿನ ಸಂದಿಗೆ ಹೋದರೆ ವಾರ ಬಿಡುತ್ತಿರಲಿಲ್ಲ, ಅನ್ನ ತಿನ್ನುವಾಗ ವಾಸನೆ. ಹೀಗೆ ಆರು ವರ್ಷ ಕಳೆಯಿತು.

ಇದರಿಂದ ಏನೂ ಆಗಲಿಲ್ಲ ಎಂಬುದೇ ನನ್ನನ್ನು ಕೆಡಿಸಿದ್ದು. ಟ್ಯಾಂಕಿನ ಒಳಗೆ ಎಣ್ಣೆ ಎಳೆಯುವ ಕೊಳವೆಯ ಬಾಯಿ ತೇಲುವಂಥದ್ದು. ಎಣ್ಣೆ ಇಳಿದಂತೆ ಅದೂ ಇಳಿಯುತ್ತದೆ, ಯಾವಾಗಲೂ ಮೇಲಿನ ಶುದ್ಧ ಎಣ್ಣೆಯನ್ನೇ ಎಳೆಯುತ್ತದೆ. ಆಗೆಲ್ಲ ಎರಡು ದಿನಕ್ಕೊಂದು ಟ್ಯಾಂಕರ್ ಲಾರಿ ಬರುತ್ತಿತ್ತು. ಒದ್ದೆ ಮೂವತ್ತಕ್ಕಿಂತ ಕೆಳಗಿಳಿದ ದಿನವನ್ನು ನಾನು ಕಂಡಿರಲಿಲ್ಲ. ತಳದಲ್ಲಿ ಏನಿದ್ದರೆ ಯಾರಿಗೇನು. ತಳವನ್ನು ಲಾರಿಗಳು ನಮ್ಮಿಂದ ಮುಚ್ಚಿಟ್ಟಿದ್ದವು.

ಎರಡು ವರ್ಷದ ಹಿಂದೆ ಹೊಸ ಸಾಗಣೆ ಮ್ಯಾನೇಜರ್ ಬಂದರು. ಕೆಟ್ಟವರಲ್ಲ. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಆದರೆ ಏನು ಕೇಳಿದರೂ ಸರಾಸರಿಯಲ್ಲಿ ಉತ್ತರ. ಊಟ ಆಯ್ತೇ ಎಂದರೂ ಸರಾಸರಿ ಒಂದೂಕಾಲಿಗೆ ಆಗುತ್ತದೆ ಎನ್ನುವ ಮನುಷ್ಯ. ವಾರದೊಳಗೆ ಅವರಿಗೆ ಸರಾಸರಿ ಸಾಹೇಬರು ಎಂದು ಹೆಸರು ಬಿತ್ತು. ಇಟ್ಟವರು ಭಾವನೇ ಇರಬೇಕು.

ಒಂದು ಬೆಳಿಗ್ಗೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು ನಾನು ಒದ್ದೆಯ ಲೆಕ್ಕ ಬರೆದಿಟ್ಟ ಒಂದು ವರ್ಷದ ಪುಸ್ತಕವನ್ನು ತಿರುವಿ ಹಾಕಿದರು.

"ಎರಡು ದಿನಕ್ಕೊಂದು ಲಾರಿ ಬರತ್ತೆ, ಆದ್ರೂ ಮೂವತ್ನಾಲ್ಕು ದಿನದ ಎಣ್ಣೆ ಇಟ್ಕೊಂಡು ಕೂತಿದ್ದೀರಿ. ಯಾಕಮ್ಮ?"

"ಯಾವಾಗ್ಲೂ ಹಾಗೇ ಇದೆ ಸಾರ್."

"ಲಾರಿನೇ ಬೇಕು ಅಂದ್ರೆ ಆರು ದಿನದ್ದು ಸಾಕು. ಇಷ್ಟು ದೊಡ್ಡ ಟ್ಯಾಂಕೇ ಬೇಕು ಅಂದ್ರೆ ಲಾರಿ ಯಾಕೆ? ನಮ್ಮ ಕಟ್ಟೆಗೆ ಬಾರ್ಜು ಬರಬಹುದಲ್ಲ. ಒಂದೇ ಸಲಕ್ಕೆ ಮೂವತ್ತು ದಿನದ್ದು ತಂದು ಸುರಿದು ಹೋಗತ್ತೆ."

ನಮ್ಮ ಕಾರ್ಖಾನೆಯ ಹಿಂದೆ ಅಳಿವೆ ಇತ್ತು, ದೋಣಿ ನಿಲ್ಲಿಸುವ ಹಳೆಯ ಕಟ್ಟೆಯೂ ಇತ್ತು. ಬಾರ್ಜು ಎಂದರೆ ಹೊಟ್ಟೆ ತುಂಬ ಎಣ್ಣೆ ಹೊತ್ತ ಚಪ್ಪಟೆ ಹಡಗು, ನಡಿಗೆ ನಿಧಾನ. ಸಾಹೇಬರ ಲೆಕ್ಕ ಹೀಗಿತ್ತು: ಬಾರ್ಜು ಸರಾಸರಿ ಮೂವತ್ತು ದಿನಕ್ಕೊಮ್ಮೆ ಬರುತ್ತದೆ, ಬರುವ ಹೊತ್ತಿಗೆ ಒದ್ದೆ ಹತ್ತು ಉಳಿದಿರುತ್ತದೆ, ಬಂದ ಮೇಲೆ ನಲವತ್ತು. ಹತ್ತು ದಿನದ ಆಸರೆ ಸಾಕೋ ಸಾಕು.

"ಪೂರ್ತಿ ನಲವತ್ತೂ ಉಪಯೋಗಕ್ಕೆ ಬರತ್ತೇನಮ್ಮ?" ಎಂದು ಅವರು ಕೇಳಿದರು. ಇದನ್ನು ಕೇಳಲಿಲ್ಲವೆಂದು ನಾನು ಅವರ ಮೇಲೆ ಹೊರಿಸುವಂತಿಲ್ಲ.

"ಕೆಳಗಿನ ಎರಡು ಗೆರೆ ಬಿಟ್ಟು ಸಾರ್. ಕೊಳವೆ ಅಲ್ಲಿಗೇ ನಿಲ್ಲತ್ತೆ. ಮಿಕ್ಕಿದ್ದೆಲ್ಲ ಎಣ್ಣೆನೇ." ಎಷ್ಟು ಜಂಬದಿಂದ ಹೇಳಿದೆ ಎಂದರೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಭಾವನಿಗೆ ಬಾರ್ಜು ಹಿಡಿಸಲಿಲ್ಲ. "ಲಾರಿ ಒಂದು ಕೆಟ್ಟರೆ ಇನ್ನೊಂದು ಬರತ್ತೆ. ಇದೊಂದು ಕೆಟ್ಟರೆ?" ಎಂದರು. ಸಾಹೇಬರು ಉಳಿತಾಯದ ಲೆಕ್ಕದ ಕಾಗದ ತೋರಿಸಿದರು, ಬಾರ್ಜೇ ಗಟ್ಟಿಯಾಯಿತು. ಹದಿನೇಳು ತಿಂಗಳು ಬಾರ್ಜು ತಪ್ಪದೆ ಬಂತು, ಒಂದೆರಡು ದಿನ ಹಿಂದೆಮುಂದೆ ಅಷ್ಟೇ. ಲಾರಿ ಯಜಮಾನ ತನ್ನ ಗಾಡಿಗಳನ್ನು ಬೇರೆ ಕಡೆ ಹಚ್ಚಿದ. ನನ್ನ ಪುಸ್ತಕದಲ್ಲಿ ಒದ್ದೆ ನಲವತ್ತರಿಂದ ಹತ್ತಕ್ಕೆ ಇಳಿಯುವುದು, ಮತ್ತೆ ನಲವತ್ತಕ್ಕೆ ಏರುವುದು. ಮೊದಮೊದಲು ಹತ್ತು ಎಂದು ಬರೆಯುವ ಮುಂಚೆ ಪಟ್ಟಿಯನ್ನು ಇನ್ನೊಮ್ಮೆ ಇಳಿಸಿ ನೋಡುತ್ತಿದ್ದೆ, ಆಮೇಲೆ ಹತ್ತೂ ಅಭ್ಯಾಸವಾಯಿತು.

ಯಾರಿಗೂ ತಿಳಿಯದ್ದು ಒಂದಿತ್ತು. ಬಾರ್ಜಿನ ಹೊಟ್ಟೆಯನ್ನು ಸಮುದ್ರದ ನೀರಲ್ಲೇ ತೊಳೆಯುತ್ತಾರೆ. ಪ್ರತಿ ಸಲವೂ ಎಣ್ಣೆಯ ಜೊತೆಗೆ ಸ್ವಲ್ಪ ನೀರು ಬರುತ್ತಿತ್ತು, ಅರ್ಧ ಗೆರೆಯಷ್ಟು. ಎಣ್ಣೆ ತಿಂಗಳುಗಟ್ಟಲೆ ನಿಂತಿದ್ದರಿಂದ ನೀರು ಆರಾಮವಾಗಿ ಕೆಳಗಿಳಿದು ಕೂರುತ್ತಿತ್ತು. ಹದಿನೇಳು ಸಲದ ಅರ್ಧರ್ಧ ಸೇರಿ ಹೆಚ್ಚುಕಡಿಮೆ ಎಂಟು ಗೆರೆಯಾಯಿತು. ನನ್ನ ಪಟ್ಟಿ ಆ ನೀರಿನೊಳಗೂ ಹೋಗಿ ಬರುತ್ತಿತ್ತು. ಮೇಲೆ ಬರುವಾಗ ಎಣ್ಣೆಯ ಪದರವನ್ನು ದಾಟಬೇಕಲ್ಲ, ತುದಿಯವರೆಗೂ ಕಪ್ಪಗೆ ಒದ್ದೆ. ನೀರೂ ಒದ್ದೆಯೇ ಎಂದು ಹೊಳೆಯಲು ಬುದ್ಧಿ ಬೇಕಿರಲಿಲ್ಲ, ಮುಲಾಮು ಇದ್ದಿದ್ದರೆ ಸಾಕಿತ್ತು.

ಹದಿನೆಂಟನೆಯ ಬಾರ್ಜು ಬರಲು ನಾಲ್ಕು ದಿನವಿತ್ತು. ಒಂದು ಬೆಳಿಗ್ಗೆ ಸಾಹೇಬರು ಫೋನು ಹಿಡಿದುಕೊಂಡೇ ಅಂಗಳಕ್ಕೆ ಬಂದರು. ದಾರಿಯಲ್ಲಿ ಬಾರ್ಜಿನ ಎಂಜಿನ್ ಕೆಟ್ಟಿದೆ, ಎಳೆದು ತರಬೇಕು, ಇನ್ನೂ ಐದು ದಿನ ತಡ. ನಾಲ್ಕು, ಐದು, ಒಟ್ಟು ಒಂಬತ್ತು ದಿನ.

ನಾನು ಆಗಷ್ಟೇ ಏಣಿಯಿಂದ ಇಳಿದಿದ್ದೆ. ಭಾವ ಸಾಹೇಬರ ಕಡೆಗೆ ನೋಡಲಿಲ್ಲ, ನನ್ನ ಕಡೆಗೆ ನೋಡಿದರು.

"ಒದ್ದೆ ಎಷ್ಟು?"

"ಹದಿನಾಲ್ಕು."

"ಎರಡು ತೆಗೆದ್ರೆ ಹನ್ನೆರಡು," ಎಂದರು ಸಾಹೇಬರು. "ಒಂಬತ್ತು ದಿನ ಬೇಕು. ಮೂರು ದಿನ ಮಿಗತ್ತೆ."

ಭಾವ ಗಡ್ಡ ಕೆರೆದುಕೊಂಡರು. "ನನಗೇನೋ ಇವತ್ತೇ ಉರಿ ಇಳಿಸಿಬಿಡೋಣ ಅನ್ನಿಸತ್ತೆ ಸಾರ್. ಬಾಟಲಿ ಮಿಷನ್ನು ನಿಲ್ಸಿ, ಒಲೆ ಜೀವ ಹಿಡ್ಕೊಳ್ಳೋಷ್ಟು ಮಾತ್ರ ಉರಿ ಇಟ್ಟರೆ, ಒಂದು ದಿನದ ಎಣ್ಣೆ ಎರಡು ದಿನ ಬರತ್ತೆ."

"ಒಲೆ ವಿಷಯದಲ್ಲಿ ನಿಮ್ಮ ಮಾತೇ ಕೊನೆ. ನಾನು ಅಡ್ಡ ಬರಲ್ಲ. ಆದ್ರೆ ಈ ವಾರ ಕಳಿಸ್ಬೇಕಾದ ಬಾಟಲಿ ತಪ್ಪಿದ್ರೆ ಗಿರಾಕಿ ಕೈ ಬಿಡ್ತಾರೆ. ಅದನ್ನೂ ನೋಡಿ."

ಭಾವ ನನ್ನ ಹತ್ತಿರ ಬಂದರು. ತಮಾಷೆಯ ಮುಖ ಅಲ್ಲ ಅದು.

"ಹದಿನಾಲ್ಕು ಖಾತ್ರಿನಾ?"

"ನನ್ನ ಕಣ್ಣಾರೆ ನೋಡಿದ್ದೀನಿ ಭಾವ. ಬೇಕಾದ್ರೆ ನೀವೇ ಹತ್ತಿ ನೋಡಿ."

"ನೀನು ನೋಡಿದ ಮೇಲೆ ನಾನ್ಯಾಕೆ ಹತ್ತಲಿ," ಎಂದರು. ಉರಿ ಇಳಿಸಲಿಲ್ಲ.

ಏಳನೆಯ ಬೆಳಿಗ್ಗೆ ಒದ್ದೆ ಎಂಟು. ಪುಸ್ತಕದಲ್ಲಿ ಬರೆದು, ಬೇರೆ ಕೆಲಸ ಮುಗಿಸಿ ಕ್ಯಾಂಟೀನಿಗೆ ಬಂದಿದ್ದೆ. ಹತ್ತು ಗಂಟೆಯ ಸುಮಾರಿಗೆ ಒಲೆಯ ಸದ್ದು ಬದಲಾಯಿತು. ಹನ್ನೊಂದು ವರ್ಷ ಕಿವಿಯಲ್ಲೇ ಇದ್ದ ಭೋರ್ಗರೆತ ಕೆಮ್ಮಿತು, ಮತ್ತೆ ಹಿಡಿಯಿತು, ಮತ್ತೆ ಕೆಮ್ಮಿತು, ನಿಂತಿತು. ಕ್ಯಾಂಟೀನಿನಲ್ಲಿದ್ದವರೆಲ್ಲ ಲೋಟ ಹಿಡಿದುಕೊಂಡೇ ಎದ್ದು ನಿಂತರು. ನಾನು ಓಡಿದೆ.

ಭಾವ ಆಗಲೇ ಟ್ಯಾಂಕಿನ ಬುಡದಲ್ಲಿದ್ದರು. ತುಕ್ಕು ಹಿಡಿದ ನಲ್ಲಿಯನ್ನು ಇಬ್ಬರು ಸೇರಿ ಸುತ್ತಿಗೆಯಿಂದ ಹೊಡೆದು ತಿರುಗಿಸಿದರು. ಕಂದು ಬಣ್ಣದ ನೀರು ಬಂತು. ಬರುತ್ತಲೇ ಇತ್ತು. ಅಂಗಳವೆಲ್ಲ ಹರಿದು ನನ್ನ ಚಪ್ಪಲಿಯ ಕೆಳಗೆ ಬಂತು.

ಭಾವ ಕೂತಲ್ಲಿಂದಲೇ ತಲೆಯೆತ್ತಿ ಕೇಳಿದರು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ.

"ಮುಲಾಮು ಹಚ್ತಿರಲಿಲ್ವಾ?"

"ಇಲ್ಲ ಭಾವ."

"ಯಾವತ್ತಿಂದ?"

"ಆರು ವರ್ಷ ಆಯ್ತು."

ನಾನು ಬೈಗುಳಕ್ಕೆ ಕಾದು ನಿಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಮಂಡಿ ಹಿಡಿದುಕೊಂಡು ಎದ್ದು, "ಆಯ್ತು, ಜನರೇಟರಿಗೆ ಅಂತ ಇಟ್ಟ ಡೀಸೆಲ್ ಎಷ್ಟಿದೆ ನೋಡ್ಕೊಂಡು ಬಾ" ಎಂದರು.

ಡೀಸೆಲ್ ಒಂದು ದಿನಕ್ಕಿತ್ತು, ಅದೂ ಒಲೆಗೆ ಬೆಂಕಿ ಊದುವ ಬಾಯಿಗಳಲ್ಲಿ ಎರಡರಲ್ಲಿ ಮಾತ್ರ ಸಣ್ಣ ಉರಿ ಇಟ್ಟರೆ. ಸಾಹೇಬರು ಫೋನಿನ ಮುಂದೆ ಕೂತು ಲಾರಿ ಯಜಮಾನನನ್ನು ಹಿಡಿದರು. ಎರಡು ದಿನಕ್ಕೊಮ್ಮೆ ನಮ್ಮ ಗೇಟಿಗೆ ಬರುತ್ತಿದ್ದ ಗಾಡಿಗಳು ಈಗ ಎಲ್ಲೆಲ್ಲೋ ಇದ್ದವು. "ಬೇಗ ಅಂದ್ರೂ ನಾಲ್ಕನೇ ದಿನ ಸಾರ್" ಎಂದ. ಅವನದೇನು ತಪ್ಪು. ನಾವೇ ಕೈ ಮುಗಿದು ಕಳಿಸಿದವರು. ಸಾಹೇಬರು ಫೋನಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಅವರ ಬಾಯಲ್ಲಿ ಆ ದಿನ ಒಂದು ಸರಾಸರಿಯೂ ಬರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಡೀಸೆಲ್ ಮುಗಿಯಿತು. ಒಲೆಯ ಚಾವಣಿಯಿಂದ ಇಟ್ಟಿಗೆಯ ಚೂರು ಉದುರುವ ಸದ್ದು ಹೊರಗೂ ಕೇಳುತ್ತಿತ್ತು. ಇನ್ನು ತಡ ಮಾಡಿದರೆ ಗಾಜು ಒಳಗೇ ಹೆಪ್ಪುಗಟ್ಟುತ್ತದೆ, ತಳ ಮತ್ತು ಗೋಡೆಗಳೂ ಕೈಬಿಡುತ್ತವೆ. ಕರಗಿದ ಗಾಜನ್ನು ಬುಡದ ತೂತಿನಿಂದ ಹೊರಗೆ ಬಿಟ್ಟರೆ ಚಾವಣಿ ಹೋದರೂ ಅರ್ಧ ಒಲೆ ಉಳಿಯಬಹುದು ಎಂದು ಭಾವ ತೀರ್ಮಾನಿಸಿದರು. ಒಲೆಯ ಕೆಳಗೆ ನೀರಿನ ಕಾಲುವೆ ಇದೆ, ಬಿಸಿ ಗಾಜು ಅದರಲ್ಲಿ ಬಿದ್ದು ಹರಳಾಗಬೇಕು. ಆ ತೂತನ್ನು ಯಾರೂ ಹನ್ನೊಂದು ವರ್ಷದಿಂದ ತೆರೆದಿರಲಿಲ್ಲ. ಇಬ್ಬರು ಮುಂದೆ ಬಂದರು. ಭಾವ ಅವರನ್ನು ಮೆಟ್ಟಿಲ ಹತ್ತಿರವೇ ನಿಲ್ಲಿಸಿ ಉದ್ದನೆಯ ಸಲಾಕೆ ತೆಗೆದುಕೊಂಡು ತಾವೇ ಇಳಿದರು.

ಗಾಜು ನಿಧಾನವಾಗಿ ಬರುವ ಬದಲು ಒಂದೇ ಸಲ ಬಂತು. ಕಾಲುವೆಯ ನೀರು ಸಾಲಲಿಲ್ಲ, ಇದ್ದ ನೀರೆಲ್ಲ ಆವಿಯಾಗಿ ಸಿಡಿಯಿತು. ನಾನು ಮೇಲೆ ಕಟಕಟೆ ಹಿಡಿದು ನಿಂತಿದ್ದೆ. ಬಿಳಿ ಆವಿ ಬಿಟ್ಟು ಏನೂ ಕಾಣಲಿಲ್ಲ. ಮೊದಲು ಸಲಾಕೆ ನೆಲಕ್ಕೆ ಬಿದ್ದ ಸದ್ದು ಕೇಳಿತು, ಆಮೇಲೆ ಭಾವನ ದನಿ. ಅದು ಅವರ ದನಿ ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಬಾರ್ಜು ಹೇಳಿದ ದಿನಕ್ಕೆ ಸರಿಯಾಗಿ ಬಂತು. ಮೂವತ್ತು ದಿನದ ಎಣ್ಣೆಯನ್ನು ಟ್ಯಾಂಕಿಗೆ ತುಂಬಿಸಿ, ಒಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡು ಹೋಯಿತು. ಒಲೆ ಆಗ ತಣ್ಣಗಿತ್ತು.

ಭಾವ ಆಸ್ಪತ್ರೆಯಲ್ಲಿ ಒಂಬತ್ತು ದಿನ ಬದುಕಿದ್ದರು. ಮುಖ, ಎದೆ, ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಅಕ್ಕ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ವಿಚಾರಣೆಯ ಅಧಿಕಾರಿ ಬಂದ, ಕೈಯಲ್ಲಿ ನನ್ನ ಒದ್ದೆಯ ಪುಸ್ತಕ. ಅಕ್ಕನನ್ನು ಹೊರಗೆ ಕೂರಲು ಹೇಳಿ ನನ್ನನ್ನು ಒಳಗೇ ಉಳಿಸಿಕೊಂಡ.

"ಅಳತೆ ತಗೊಂಡೋರು ಇವರು. ನೀರಿನ ಪರೀಕ್ಷೆ ಮಾಡಿಲ್ಲ. ಯಾಕೆ ಮಾಡಿಲ್ಲ?" ಎಂದು ನನ್ನ ಕಡೆ ತಿರುಗಿದ.

ನಾನು ಬಾಯಿ ತೆರೆದಿದ್ದೆ. ತೆರೆದಿದ್ದೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

"ನಾನೇ ಬೇಡ ಅಂದಿದ್ದು," ಎಂದರು ಭಾವ. ತುಟಿ ಊದಿ ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. "ಮುಲಾಮು ಗಿಲಾಮು ಎಲ್ಲ ಸುಮ್ನೆ ಟೈಮ್ ವೇಸ್ಟು, ಒದ್ದೆ ಮಾತ್ರ ಬರಿ ಅಂದೆ. ಆರು ವರ್ಷ ಆಯ್ತು. ಅವಳು ನನ್ನ ಮಾತು ಕೇಳಿದ್ಳು ಅಷ್ಟೆ. ಬರ್ಕೊಳ್ಳಿ."

ಅಧಿಕಾರಿ ನನ್ನನ್ನು ಕೇಳಿದ. "ಹೌದೇನಮ್ಮ?"

ಭಾವ ಬಟ್ಟೆಯ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ಒಂಟಿ ಹೆಂಗಸು, ವಯಸ್ಸು ಐವತ್ತೆರಡು, ಬಾಡಿಗೆಯ ಎರಡು ಕೋಣೆ, ಇದು ಬಿಟ್ಟರೆ ಬೇರೆ ಕೆಲಸವಿಲ್ಲ. ಇದೆಲ್ಲ ಆ ಕ್ಷಣ ತಲೆಯಲ್ಲಿ ಹಾದುಹೋಯಿತು ಎಂದರೆ ಸುಳ್ಳಾದೀತು. ಹೆದರಿದೆ, ಅಷ್ಟೇ.

"ಹೌದು ಸಾರ್," ಎಂದೆ.

ಭಾವ ಹೋದ ಮೇಲೆ ವರದಿ ಬಂತು. ಒಲೆಯ ಮೇಸ್ತ್ರಿಯ ನಿರ್ಲಕ್ಷ್ಯ. ನಿರ್ಲಕ್ಷ್ಯದಿಂದ ಸತ್ತವನ ಹೆಂಡತಿಗೆ ಕಂಪನಿಯ ಮನೆಯಲ್ಲಿ ಉಳಿಯುವ ಹಕ್ಕಿಲ್ಲ. ಇಪ್ಪತ್ತಾರು ವರ್ಷ ಇದ್ದ ಮನೆಯನ್ನು ಅಕ್ಕ ಎರಡು ವಾರದಲ್ಲಿ ಬಿಟ್ಟುಕೊಟ್ಟಳು. ಮಕ್ಕಳಿಲ್ಲ. ನನ್ನ ಎರಡು ಕೋಣೆಗೆ ಬಂದಳು, ಒಂದು ಟ್ರಂಕು, ಒಂದು ಹಾಸಿಗೆ.

ಹೊಸ ಒಲೆಯ ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ಕಟ್ಟುವುದಿಲ್ಲ ಎಂದು ನಿರ್ಧಾರವಾಯಿತು. ಕಂಪನಿ ಈಗ ಬಾಟಲಿಯನ್ನು ದೂರದಿಂದ ತರಿಸುತ್ತದೆ, ಬಾರ್ಜಿನಲ್ಲೇ, ಒಂದು ಸಲಕ್ಕೆ ಮೂರು ತಿಂಗಳಿನದು. ಒಲೆ ಇದ್ದ ಶೆಡ್ಡು ಈಗ ಗೋದಾಮು. ಮುನ್ನೂರು ಜನರಲ್ಲಿ ಹದಿನಾಲ್ಕು ಜನ ಉಳಿದಿದ್ದೇವೆ. ದಾಸ್ತಾನು ನೋಡಲು ಒಬ್ಬರು ಬೇಕಲ್ಲ, ನನ್ನನ್ನು ಉಳಿಸಿಕೊಂಡರು. ಒದ್ದೆಕ್ಕ ಎಂದು ಕರೆಯುವವರು ಈಗ ಯಾರೂ ಇಲ್ಲ.

ಎರಡನೆಯ ತಿಂಗಳು ನಾನು ಧೈರ್ಯ ಮಾಡಿ ಸಾಹೇಬರ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತ ಕೇಳಿಸಿಕೊಂಡರು.

"ಫೈಲು ಮುಚ್ಚಿ ಆಗಿದೆಯಮ್ಮ. ತೆರೆದ್ರೆ ಬರೀ ನಿಮ್ಮ ಮುಲಾಮಿಗೆ ನಿಲ್ಲಲ್ಲ. ಲಾರಿ ಯಾಕೆ ಬಿಟ್ರಿ, ಬಾರ್ಜಿನ ನೀರನ್ನ ಯಾಕೆ ನೋಡಲಿಲ್ಲ, ಹತ್ತು ದಿನ ಸಾಕು ಅಂತ ಯಾರು ಹೇಳಿದ್ರು, ಎಲ್ಲ ಬರತ್ತೆ." ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೇಳಿದರು, "ಅವರು ದೊಡ್ಡ ಮನುಷ್ಯರು. ಎಲ್ಲಾನೂ ತಮ್ಮ ಮೈಮೇಲೆ ಎಳ್ಕೊಂಡು ಹೋದ್ರು. ಹಾಗೇ ಇರಲಿ ಬಿಡಿ."

"ಅಕ್ಕನ ಮನೆ ಸಾರ್?"

"ಅದು ನನ್ನ ಕೈಲಿಲ್ಲ."

ಹೊರಗೆ ಬಂದಾಗ ನನಗೆ ಹಗುರವಾಯಿತು. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಹೇಳಬೇಕಾದವರಿಗೆ ಹೇಳಿ ಆಯಿತು, ಇನ್ನು ನನ್ನ ಕೈಯಲ್ಲಿ ಏನಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ದಾರಿಯಲ್ಲಿ ಅಕ್ಕನಿಗೆಂದು ಹಣ್ಣು ತೆಗೆದುಕೊಂಡು ಮನೆಗೆ ಹೋದೆ.

ಅಕ್ಕ ಮನೆಯಲ್ಲಿ ಒಂದು ಕೆಲಸಕ್ಕೂ ನನ್ನನ್ನು ಮುಟ್ಟಗೊಡುತ್ತಿರಲಿಲ್ಲ. ಬೆಳಿಗ್ಗೆ ನನ್ನ ಬುತ್ತಿ ಕಟ್ಟುವಳು, ಸಂಜೆ ಬಾಗಿಲು ತೆರೆಯುವಳು. ಊಟಕ್ಕೆ ಕೂತಾಗ ಒಮ್ಮೊಮ್ಮೆ, "ಇವತ್ತು ಏನಾದ್ರೂ ಹೇಳೋದಿತ್ತಾ?" ಎಂದು ಕೇಳುವಳು. ನಾನು ಗೋದಾಮಿನಲ್ಲಿ ಪೆಟ್ಟಿಗೆ ಒದ್ದೆಯಾದದ್ದೋ ಇಲಿ ಬಂದದ್ದೋ ಹೇಳುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಭಾವನ ಮಾತು ಬಂದರೆ ನಾನು ಎದ್ದು ಕೈ ತೊಳೆಯಲು ಹೋಗುತ್ತಿದ್ದೆ.

ನಾಲ್ಕು ತಿಂಗಳು ಹೀಗೆ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಕಿಟಕಿಯ ಹತ್ತಿರ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನೆರೆಮನೆಯ ಹೆಂಗಸು ಬಾಗಿಲಲ್ಲಿ ನಿಂತು ಏನೋ ಮಾತಾಡುತ್ತ, "ನಿಮ್ಮೆಜಮಾನ್ರು ಅಷ್ಟು ಹುಷಾರಿನವರು, ಅದೊಂದು ವಿಷಯದಲ್ಲಿ ಯಾಕೆ ಹಾಗೆ ಮಾಡಿದ್ರೋ" ಎಂದು ಲೊಚಗುಟ್ಟಿ ಹೋದಳು. ಅಕ್ಕ ಕಾಯಿಯಿಂದ ಕಣ್ಣೆತ್ತಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಭಾವ ಹಾಗೆ ಹೇಳಿರಲೇ ಇಲ್ಲ. ಮುಲಾಮು ಬೇಡ ಅಂತ ಅವರು ಹೇಳಿರಲಿಲ್ಲ. ನಾನೇ ಬಿಟ್ಟಿದ್ದು. ಸೋಮಾರಿತನ. ಅವರು ನನಗೋಸ್ಕರ ಸುಳ್ಳು ಹೇಳಿದ್ರು, ನಾನು ಹೌದು ಅಂದುಬಿಟ್ಟೆ."

ಅಕ್ಕ ಕೈಯಲ್ಲಿದ್ದ ಕಾಯಿಯ ನಾರು ಪೂರ್ತಿ ತೆಗೆದು ತಟ್ಟೆಗೆ ಹಾಕಿದಳು.

"ಗೊತ್ತು."

ನಾನು ನೆಲದ ಮೇಲೆ ಕೂತೆ.

"ಆ ಆಫೀಸರು ಬರೋ ಮುಂಚೆನೇ ನನಗೆ ಹೇಳಿದ್ರು. ಹೀಗೆ ಹೇಳಿದ್ರೆ ಮನೆ ಹೋಗತ್ತೆ, ನಿನಗೆ ಒಪ್ಪಿಗೆ ಇದ್ರೆ ಮಾತ್ರ ಹೇಳ್ತೀನಿ ಅಂದ್ರು. ನಾನೇನು ಉಳಿಯಲ್ಲ, ಅವಳಾದ್ರೂ ಉಳೀಲಿ ಅಂದ್ರು. ನಾನು ಒಪ್ಪಿದೆ."

"ನೀನು ಒಪ್ಪಿದ್ಯಾ?"

"ನನ್ನ ತಂಗಿ ಅಲ್ವಾ ನೀನು. ಒಪ್ಪದೆ ಏನು ಮಾಡಲಿ."

ಅಳು ಬಂತು. ಅವಳ ಕಾಲು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ, ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.

"ಇಷ್ಟು ದಿನ ಯಾಕೆ ಸುಮ್ನಿದ್ದೆ ಅಕ್ಕ? ಒಂದು ಮಾತು ಬೈದಿದ್ರೆ ಆಗ್ತಿತ್ತಲ್ಲ."

"ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ. ಮೊದಲನೇ ವಾರನೇ ಹೇಳ್ತೀಯ ಅಂದುಕೊಂಡಿದ್ದೆ. ಆಮೇಲೆ ತಿಂಗಳು ತುಂಬಲಿ ಅಂದುಕೊಂಡೆ. ಪಾಪ, ಹೆದರಿದ್ದಾಳೆ ಅಂತ. ಅವರು ಸುಳ್ಳು ಹೇಳಿದ್ದು ಆಫೀಸಿನವರ ಮುಂದೆ, ನಿನ್ನ ಕೆಲಸ ಉಳೀಲಿ ಅಂತ. ನನ್ನ ಮುಂದೆ ನೀನು ಅದನ್ನ ಹೊದ್ದುಕೊಂಡು ಕೂರಲಿ ಅಂತ ಅಲ್ಲ. ದಿನಾ ನನ್ನ ಕೈಯ ಅನ್ನ ತಿಂದೆ. ಬಂದು ಹೋದೋರೆಲ್ಲ ಅವರನ್ನ ಅಂದ್ರು. ನೀನು ಕೇಳಿಸ್ಕೊಂಡು ಕೂತೆ."

ನಾನು ಅವಳ ಕಾಲು ಬಿಟ್ಟೆ.

"ಹೋದ ವಾರ ಒಂದು ರೂಮು ನೋಡ್ಕೊಂಡು ಬಂದೆ," ಎಂದಳು ಅಕ್ಕ. "ಹೊಲಿಗೆ ಅಂಗಡಿಯ ಮೇಲೆ. ಅವರಿಗೆ ಗುಂಡಿ ಹೊಲಿಯೋಕೆ ಜನ ಬೇಕಂತೆ. ಬರ್ತೀನಿ ಅಂತ ಮಾತು ಕೊಟ್ಟಾಗಿದೆ."

"ಹೋದ ವಾರವಾ?"

"ಹೂಂ. ಮಂಗಳವಾರ."

ಕೇಳಬಾರದಿತ್ತು. ಕೇಳಿದೆ. "ಅದಕ್ಕಿಂತ ಮುಂಚೆ ಹೇಳಿದ್ರೆ ಇರ್ತಿದ್ಯಾ?"

"ಇರ್ತಿದ್ದೆ," ಎಂದಳು.

ಹುರುಳಿಕಾಯಿ ಹೆಚ್ಚಿ, ಪಲ್ಯ ಮಾಡಿ, ನನಗೆ ಬಡಿಸಿ, ತಾನೂ ಉಂಡಳು. ಮಧ್ಯಾಹ್ನ ಟ್ರಂಕನ್ನು ಬಸ್ಸಿನವರೆಗೆ ನಾನೇ ಹೊತ್ತುಕೊಂಡು ಹೋದೆ. ಅಷ್ಟಕ್ಕೆ ಅವಳು ಬೇಡ ಎನ್ನಲಿಲ್ಲ.